ಬರೀ ಶುದ್ಧ ನೀರಿನಲ್ಲಿ, ಸೋಪಿಲ್ಲದೆ ಜಿಡ್ಡು ಹೋಗುತ್ತಾ?

ನಾಲ್ಕನೇ_ಮಹಡಿ · ಸೋಮವಾರ, ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ನಮ್ಮದು ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟು, 96 ಮನೆ. ಕಾವೇರಿ ನೀರು ಬಂದ ದಿನ ಹಬ್ಬ. ಉಳಿದಂತೆ ಬೋರ್‌ವೆಲ್, ಬೇಸಿಗೆಯಲ್ಲಿ ಟ್ಯಾಂಕರ್. ನಲ್ಲಿಗಳ ಮೂತಿಯಲ್ಲೆಲ್ಲ ಬಿಳಿ ಪೊರೆ ಕಟ್ಟಿದೆ, ಬಾತ್‌ರೂಮಿನ ಗಾಜು ತೊಳೆದಷ್ಟೂ ಮಬ್ಬು.

ನಿನ್ನೆ ಅಸೋಸಿಯೇಷನ್ ಮೀಟಿಂಗಿಗೆ ಒಬ್ಬ ಸೇಲ್ಸ್‌ನವನು ಬಂದಿದ್ದ. ಯಾವ ಕಂಪನಿ ಅಂತ ಹೇಳುವುದಿಲ್ಲ, ಅದು ಮುಖ್ಯವೂ ಅಲ್ಲ. ಒಂದು ಯಂತ್ರ, ಅದರಿಂದ ಬರುವ ನೀರಿನ ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣ ಇತ್ಯಾದಿಗಳ ಪ್ರಮಾಣ) ಸೊನ್ನೆಯಂತೆ. ಅವನು ಹೇಳಿದ್ದು: "ಮೇಡಂ, ಇದು ಹಸಿದಿರುವ ನೀರು. ಇದರಲ್ಲಿ ಏನೂ ಇಲ್ಲವಲ್ಲ, ಅದಕ್ಕೇ ಸಿಕ್ಕಿದ ಕೊಳೆಯನ್ನೆಲ್ಲ ತಾನೇ ಎಳೆದುಕೊಳ್ಳುತ್ತೆ. ಫಿನಾಯಿಲ್ ಬೇಡ, ಗ್ಲಾಸ್ ಕ್ಲೀನರ್ ಬೇಡ, ಮುಂದೆ ಬಟ್ಟೆ ಸೋಪೂ ಬೇಡ."

ಎರಡು ಡೆಮೊ ಕೊಟ್ಟ. ಮೊದಲನೆಯದು ಲಾಬಿಯ ದೊಡ್ಡ ಗಾಜು. ಉದ್ದ ಕೋಲಿನ ಬ್ರಷ್ಷಿನಲ್ಲಿ ಉಜ್ಜಿ, ನೀರು ಹರಿಸಿ, ಬಟ್ಟೆಯಲ್ಲಿ ಒರೆಸದೆ ಹಾಗೇ ಬಿಟ್ಟ. ಒಣಗಿದ ಮೇಲೆ ಒಂದು ಚುಕ್ಕೆಯೂ ಇಲ್ಲ, ನಾನೇ ಹತ್ತಿರ ಹೋಗಿ ನೋಡಿದೆ. ಎರಡನೆಯದು ಎರಡು ಲೋಟ, ಒಂದರಲ್ಲಿ ನಮ್ಮ ನಲ್ಲಿ ನೀರು, ಇನ್ನೊಂದರಲ್ಲಿ ಅವನ ನೀರು. ಎರಡಕ್ಕೂ ಕರೆಂಟಿನ ಕಡ್ಡಿ ಇಳಿಬಿಟ್ಟ. ಒಂದೇ ನಿಮಿಷಕ್ಕೆ ನಮ್ಮ ನೀರು ಕಷಾಯದ ಬಣ್ಣಕ್ಕೆ ತಿರುಗಿ ಮೇಲೆ ಕೆಸರು ತೇಲಿತು. ಅವನದು ಹಾಗೇ ಇತ್ತು. ಸಭೆಯಲ್ಲಿ ಅರ್ಧ ಜನ "ಅಯ್ಯಯ್ಯೋ ಇದನ್ನೇ ಕುಡೀತಿದೀವಾ" ಅಂದರು.

ಬೆಲೆ 3 ಲಕ್ಷ 40 ಸಾವಿರ. ಬರುವ ಭಾನುವಾರ ವೋಟಿಂಗ್. ಇದರಲ್ಲಿ ನಿಜ ಎಷ್ಟು, ಬುರುಡೆ ಎಷ್ಟು? ಸೋಪಿಲ್ಲದೆ ಬರೀ ಶುದ್ಧ ನೀರು ಕೊಳೆ ತೆಗೆಯುತ್ತಾ?

ಗುಂಡಣ್ಣ · ಸೋಮವಾರ, ರಾತ್ರಿ 9:20

ನೀರಿಗೆ ಅಷ್ಟು ಹಸಿವಾಗಿದ್ದರೆ ನಮ್ಮನೆಗೆ ಕಳಿಸಿ. ಸಿಂಕಿನಲ್ಲಿ ನಿನ್ನೆಯ ಬಿಸಿಬೇಳೆಬಾತಿನ ಕುಕ್ಕರ್ ಕಾಯುತ್ತಿದೆ.

ಅಂಟವಾಳ · ಸೋಮವಾರ, ರಾತ್ರಿ 9:48

ನಾನು ತೀರ್ಥಹಳ್ಳಿ ಕಡೆಯವಳು. ನಮ್ಮೂರ ಮಳೆ ನೀರಿಗಿಂತ ಶುದ್ಧ ನೀರು ಎಲ್ಲಿ ಸಿಗುತ್ತೆ ಹೇಳಿ. ಜೂನ್ ತಿಂಗಳಲ್ಲಿ ಹಂಚಿನ ಅಂಚಿಗೆ ಹಂಡೆ ಇಟ್ಟು ಹಿಡಿದ ನೀರು. ಆ ನೀರಿನಲ್ಲಿ ತಲೆ ತೊಳೆಯೋಕೂ ಅಮ್ಮಮ್ಮ ಸೀಗೇಕಾಯಿ ಕುಟ್ಟುತ್ತಿದ್ದಳು, ರೇಷ್ಮೆ ಸೀರೆಗೆ ಅಂಟವಾಳ ನೆನೆಹಾಕುತ್ತಿದ್ದಳು. ಎಣ್ಣೆ ಸ್ನಾನದ ದಿನ ಬರೀ ನೀರು ಹೊಯ್ದುಕೊಂಡು ಬಂದರೆ ಮತ್ತೆ ಬಚ್ಚಲಿಗೇ ಅಟ್ಟುತ್ತಿದ್ದಳು. ಆದರೆ ಒಂದು ಮಾತು ಹೇಳಬೇಕು. ಮಳೆಗಾಲದಲ್ಲಿ ಸೀಗೇಪುಡಿ ಒಂದು ಚಮಚ ಸಾಕಾಗುತ್ತಿತ್ತು. ಅದೇ ಪುಡಿ ಬೆಂಗಳೂರಿಗೆ ತಂದರೆ ಮೂರು ಚಮಚ ಹಾಕಿದರೂ ಕೂದಲು ನಾರು.

ಕರಾವಳಿ_ಹುಡುಗ · ಸೋಮವಾರ, ರಾತ್ರಿ 11:05

ಇದು ನನ್ನ ಹೊಟ್ಟೆಪಾಡಿನ ವಿಷಯ, ಹಾಗಾಗಿ ಸ್ವಲ್ಪ ಉದ್ದ ಬರೀತೇನೆ. ನಾನು ಮಂಗಳೂರಿನವ, ದುಬೈಯಲ್ಲಿ ಕಟ್ಟಡದ ಗಾಜು ತೊಳೆಯುವ ಕೆಲಸದಲ್ಲಿ ಒಂಬತ್ತು ವರ್ಷ ಆಯ್ತು. ಮೊದಲು ಹಗ್ಗದಲ್ಲಿ ಇಳೀತಿದ್ದೆ, ಈಗ ಸೂಪರ್‌ವೈಸರ್.

ಅಕ್ಕ, ನೀವು ನೋಡಿದ ಗಾಜಿನ ಡೆಮೊ ಸುಳ್ಳಲ್ಲ. ಇಲ್ಲಿ ನಾವು ದಿನಾ ಮಾಡುವುದೇ ಅದು. ಇಂಗ್ಲೆಂಡಿನಲ್ಲಿ ಮನೆ ಮನೆಯ ಕಿಟಕಿ ತೊಳೆಯುವವರೂ ವ್ಯಾನಿನಲ್ಲಿ ಶುದ್ಧ ನೀರಿನ ಟ್ಯಾಂಕ್ ಇಟ್ಟುಕೊಂಡು ಕೋಲಿನಲ್ಲಿ ತೊಳೀತಾರೆ. ನೀರನ್ನು ಮೊದಲು ಆರ್‌ಓ ಫಿಲ್ಟರಿನಲ್ಲಿ ಹಾಯಿಸುವುದು, ಆಮೇಲೆ ಉಳಿದ ಲವಣ ಹಿಡಿಯುವ ರೆಸಿನ್ ಹರಳು ತುಂಬಿದ ಸಿಲಿಂಡರಿನಲ್ಲಿ. ಹೊರಗೆ ಬರುವಾಗ ಟಿಡಿಎಸ್ ಮೀಟರಿನಲ್ಲಿ 000 ತೋರಿಸಬೇಕು. ಅದು 10 ದಾಟಿತು ಅಂದ್ರೆ ರೆಸಿನ್ ಬದಲಿಸುವುದು, ಇಲ್ಲದಿದ್ರೆ ಒಣಗಿದ ಮೇಲೆ ಗಾಜಿನಲ್ಲಿ ಚುಕ್ಕೆ ಕಾಣ್ತದೆ, ಸೆಕ್ಯುರಿಟಿಯವನ ಫೋನ್ ಬರ್ತದೆ.

ಈಗ ಗುಟ್ಟು ಎಂತದ್ದು ಅಂತ ಕೇಳಿ. ಕೊಳೆ ತೆಗೆಯುವುದು ನೀರಲ್ಲ ಮಾರಾಯ್ರೇ, ಬ್ರಷ್ಷು. ಹೊರಗಿನ ಗಾಜಿನ ಮೇಲೆ ಇರುವುದು ಧೂಳು, ಸಮುದ್ರದ ಉಪ್ಪು, ಹಕ್ಕಿ ಹಿಕ್ಕೆ. ಇವಕ್ಕೆ ಸೋಪೇ ಬೇಡ. ಉಜ್ಜಿದ್ರೆ ಸಡಿಲ ಆಗ್ತದೆ, ನೀರು ಹೊತ್ತುಕೊಂಡು ಹೋಗ್ತದೆ. ಹಾಗಾದ್ರೆ ಶುದ್ಧ ನೀರು ಯಾಕೆ? ಒರೆಸುವ ಕೆಲಸ ತಪ್ಪಿಸಲಿಕ್ಕೆ. ಬೋರ್ ನೀರು ಒಣಗಿದ್ರೆ ನೀರು ಮಾತ್ರ ಹಾರಿ ಹೋಗಿ ಸುಣ್ಣ ಗಾಜಿನ ಮೇಲೆ ಕೂತುಕೊಳ್ತದೆ. ಶುದ್ಧ ನೀರು ಒಣಗಿದ್ರೆ ಉಳಿಯಲಿಕ್ಕೆ ಏನೂ ಇಲ್ಲ. ನಲವತ್ತನೇ ಮಹಡಿಯಲ್ಲಿ ಒರೆಸುವ ಬಟ್ಟೆ ಹಿಡಿದು ನೇತಾಡಿದವನಿಗೆ ಮಾತ್ರ ಗೊತ್ತು ಇದರ ಬೆಲೆ.

ಆದರೆ ಅದೇ ಗಾಜಿನ ಒಳಬದಿಗೆ ನಾವು ಈ ನೀರು ಮುಟ್ಟಿಸುವುದಿಲ್ಲ. ಹೋಟೆಲ್ ಕಿಚನಿನ ಗಾಜು, ಲಿಫ್ಟಿನ ಕನ್ನಡಿ, ಮಕ್ಕಳು ಕೈ ಇಡುವ ಬಾಗಿಲು, ಅಲ್ಲೆಲ್ಲ ಒಂದು ಹನಿ ಲಿಕ್ವಿಡ್ ಬೇಕೇ ಬೇಕು. ಅವ ನಿಮಗೆ ಗಾಜಿನ ಯಾವ ಭಾಗ ತೊಳೆದು ತೋರಿಸಿದ? ಮೇಲಿನದ್ದಾ, ಹಿಡಿಕೆಯ ಹತ್ತಿರದ್ದಾ?

ನಾಲ್ಕನೇ_ಮಹಡಿ · ಮಂಗಳವಾರ, ಬೆಳಗ್ಗೆ 6:50

ಮೇಲಿನ ಅರ್ಧ!! ಕೋಲು ಉದ್ದ ಇತ್ತು, ಅದಕ್ಕೇ ಮೇಲೆ ತೊಳೆದ ಅಂದುಕೊಂಡೆ. ಕೆಳಗೆ ಸೈಕಲ್ ಹುಡುಗರ ಕೈಗುರುತು ಈಗಲೂ ಹಾಗೇ ಇದೆ, ಈಗ ತಾನೇ ಹಾಲು ತರೋಕೆ ಹೋದಾಗ ನೋಡಿದೆ.

ಧಾರವಾಡದ_ಮಾಸ್ತರ · ಮಂಗಳವಾರ, ಬೆಳಗ್ಗೆ 8:31

ಮೊದಲ ಆ ಕಷಾಯದ ಲೋಟದ ಕಥಿ ಮುಗಸೋಣ್ರಿ. ಆ ಡೆಮೊ ಭಾಳ ಹಳೇ ಆಟ. ಕಡ್ಡಿ ಒಂದು ಕಬ್ಬಿಣದ್ದು ಇರ್ತೈತಿ. ನಲ್ಲಿ ನೀರಿನ್ಯಾಗ ಲವಣ ಇರೂದರಿಂದ ಕರೆಂಟ್ ಹರೀತೈತಿ, ಕಬ್ಬಿಣ ಕರಗಿ ತುಕ್ಕ ಆಗಿ ತೇಲ್ತೈತಿ. ಆ ಕೆಸರು ನಿಮ್ಮ ನೀರಿಂದಲ್ಲ, ಅವನ ಕಡ್ಡಿದು. ಶುದ್ಧ ನೀರಿನ್ಯಾಗ ಕರೆಂಟ ಹರಿಯೂದಿಲ್ಲ, ಹಿಂಗಾಗಿ ಏನೂ ಆಗೂದಿಲ್ಲ. ಬರೂ ಐತವಾರ ಅವನ ಶುದ್ಧ ನೀರಿಗೆ ಒಂದು ಚಿಟಿಕಿ ಅಡಿಗಿ ಉಪ್ಪ ಹಾಕಿ "ಈಗ ಇಡ್ರಿ ಕಡ್ಡಿ" ಅನ್ರಿ. ನಿಮ್ಮ ಲೋಟಕ್ಕಿಂತ ಜೋರ ಕೆಂಪಾಗ್ತೈತಿ. ನಾನು ಎಸ್ಸೆಸ್ಸೆಲ್ಸಿ ಹುಡುಗರಿಗೆ ಇದನ್ನ ಎರಡು ಮೊಳಿ, ಒಂದು ಬ್ಯಾಟರಿ ಇಟ್ಟ ತೋರಿಸ್ತೀನಿ.

ಎರಡನೇದ್ದು "ಹಸಿದ ನೀರು". ಒಂದು ಲೀಟರ್ ನೀರು ಸುಮಾರು 360 ಗ್ರಾಂ ಉಪ್ಪ ಕರಗಸಬಲ್ಲದು. ನಿಮ್ಮ ಬೋರ್ ನೀರಿನ್ಯಾಗ ಇರೂದು ಹೆಚ್ಚಂದ್ರ ಒಂದು ಗ್ರಾಂ. ಮುನ್ನೂರಾ ಅರವತ್ತು ರೊಟ್ಟಿ ತಿನ್ನೂ ಪೈಲವಾನ ಒಂದು ರೊಟ್ಟಿ ತಿಂದ ಕೂತಾನ ಅಂದ್ರ ಅವಗ ಹಸಿವು ಕಡಿಮಿ ಆಗೇತೇನು? ಇನ್ನ ಎಣ್ಣಿ ಮಾತು. ಎಣ್ಣಿ ನೀರಿನ್ಯಾಗ ಕರಗೂದ ಇಲ್ಲ, ನೀರು ಎಷ್ಟ ಶುದ್ಧ ಇದ್ರೂ.

ಮೂರನೇದ್ದು ಮೇಲ್ಮೈ ಎಳೆತ. ನೀರಿನ ಹನಿ ದುಂಡಗ ನಿಲ್ಲೂದು ಇದರಿಂದನ. 25 ಡಿಗ್ರಿಯೊಳಗ ಶುದ್ಧ ನೀರಿಂದು ಮೀಟರಿಗೆ 72 ಮಿಲಿನ್ಯೂಟನ್. ಬೋರ್ ನೀರಿಂದೂ ಹೆಚ್ಚು ಕಡಿಮಿ ಅಷ್ಟ. ಒಂದು ಹನಿ ಪಾತ್ರೆ ಲಿಕ್ವಿಡ್ ಬಿದ್ರ 30ರ ಆಸುಪಾಸಿಗೆ ಇಳೀತೈತಿ. ಆವಾಗ ನೀರು ಅರಿವಿ ಎಳಿ ಒಳಗ, ಜಿಡ್ಡಿನ ಕೆಳಗ ನುಗ್ಗತೈತಿ. ಈ ಕೆಲಸ ಶುದ್ಧ ನೀರಿಗೆ ಒಲಿಯೂದಿಲ್ಲ.

ಆದ್ರ ಅಂಟವಾಳ ಅಕ್ಕಾರು ಒಂದು ಚಮಚ, ಮೂರು ಚಮಚ ಅಂದ್ರಲ್ಲ, ಖರೇ ವಿಷಯ ಅಲ್ಲೇ ಐತಿ. ನಿಮ್ಮ ನೀರಿನ ಗಡಸುತನ, ಅಂದ್ರ ಅದರಾಗಿನ ಸುಣ್ಣದಂಶ, ಎಷ್ಟ ಐತಿ ಹೇಳ್ರಿ, ಲೆಕ್ಕಾ ಮಾಡಿ ಕೊಡ್ತೀನಿ.

ನಾಲ್ಕನೇ_ಮಹಡಿ · ಮಂಗಳವಾರ, ಬೆಳಗ್ಗೆ 9:02

ಮೇಷ್ಟ್ರೇ, ಹೋದ ವರ್ಷದ ಲ್ಯಾಬ್ ರಿಪೋರ್ಟ್ ತೆಗೆದೆ. ಟಿಡಿಎಸ್ 910, ಒಟ್ಟು ಗಡಸುತನ 480 ಮಿಲಿಗ್ರಾಂ ಪ್ರತಿ ಲೀಟರಿಗೆ. ಕೆಳಗೆ "ಅನುಮತಿಸಬಹುದಾದ ಮಿತಿಯೊಳಗಿದೆ" ಅಂತ ಬರೆದಿದ್ದಾರೆ, ಅದನ್ನು ನೋಡಿ ಎಲ್ಲರೂ ಸುಮ್ಮನಾಗಿದ್ದೆವು.

ಧಾರವಾಡದ_ಮಾಸ್ತರ · ಮಂಗಳವಾರ, ಮಧ್ಯಾಹ್ನ 1:15

ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನದಂಡದ ಪ್ರಕಾರ ಕುಡಿಯೂ ನೀರಿನ ಗಡಸುತನ 200ರ ಒಳಗ ಇರಬೇಕು, ಬ್ಯಾರೆ ನೀರ ಸಿಗದಿದ್ರ 600ರ ತನಕ ನಡೀತೈತಿ. ಹಿಂಗಾಗಿ ಲ್ಯಾಬಿನವರು ಬರದದ್ದು ಬರೋಬರಿ ಐತಿ. ಆದ್ರ ಅದು ಕುಡಿಯೂ ಲೆಕ್ಕಾ, ತೊಳಿಯೂ ಲೆಕ್ಕಾ ಅಲ್ಲ.

ನೋಡ್ರಿ. ಗಡಸು ನೀರಿನ್ಯಾಗಿನ ಒಂದೊಂದು ಕ್ಯಾಲ್ಸಿಯಂ ಕಣ ಎರಡೆರಡು ಸೋಪಿನ ಕಣ ಹಿಡದು ಬಿಳಿ ಮೊಸರಿನಂಥಾ ಗಸಿ ಮಾಡ್ತೈತಿ. ಬಕೀಟಿನ ಅಂಚಿಗೆ ಮೆತ್ತಿಕೊಳ್ಳೂದು ಅದ. ಎಲ್ಲಾ ಕ್ಯಾಲ್ಸಿಯಂ ಮುಗಿಯೂ ತನಕ ನೊರಿ ಬರೂದಿಲ್ಲ. 480 ಅಂದ್ರ ಲೀಟರಿಗೆ ಸುಮಾರು 2.9 ಗ್ರಾಂ ಸೋಪು ಬರೇ ನೀರಿನ ಜೋಡಿ ಗುದ್ದಾಡಿ ಸಾಯ್ತೈತಿ. 15 ಲೀಟರಿನ ಬಕೀಟಿಗೆ 44 ಗ್ರಾಂ. ಅರಿವಿ ಇನ್ನೂ ಮುಟ್ಟಿಲ್ಲ, ಕೊಳಿ ಇನ್ನೂ ನೋಡಿಲ್ಲ, 44 ಗ್ರಾಂ ಹೋತು.

ಈಗಿನ ಪುಡಿಗಳು ಖರೇ ಸೋಪಲ್ಲ, ಡಿಟರ್ಜೆಂಟು. ಅವು ಇಷ್ಟು ಸೋಲೂದಿಲ್ಲ. ಆದ್ರೂ ಪುಡಿಯೊಳಗ ವಾಷಿಂಗ್ ಸೋಡಾ, ಜಿಯೊಲೈಟ್ ಹಾಕಿರ್ತಾರಲ್ಲ, ಅವುಗಳ ದೊಡ್ಡ ಕೆಲಸ ಅಂದ್ರ ಈ ಕ್ಯಾಲ್ಸಿಯಂ ಹಿಡದು ಕಟ್ಟಿಹಾಕೂದು. ಅಂದ್ರ ನೀವು ರೊಕ್ಕ ಕೊಟ್ಟ ತರೂ ಪುಡಿಯೊಳಗ ಒಂದು ಪಾಲು ಕೊಳಿ ಮ್ಯಾಲ ಅಲ್ಲ, ನಿಮ್ಮ ಬೋರ್‌ವೆಲ್ ಮ್ಯಾಲ ಖರ್ಚು.

ಗುಂಡಣ್ಣ · ಮಂಗಳವಾರ, ಮಧ್ಯಾಹ್ನ 1:40

ಮಾಸ್ತರ್ರೇ, ನಮ್ಮಮ್ಮ ಬೋರ್ ನೀರಲ್ಲಿ ಬೇಳೆ ಬೇಯಲ್ಲ ಅಂತ ಕ್ಯಾನ್ ನೀರು ತರಿಸ್ತಾಳೆ. ಅದೂ ಇದೇನಾ?

ಧಾರವಾಡದ_ಮಾಸ್ತರ · ಮಂಗಳವಾರ, ಮಧ್ಯಾಹ್ನ 1:44

ಅದೂ ಇದನ. ಕ್ಯಾಲ್ಸಿಯಂ ಬ್ಯಾಳಿಯೊಳಗಿನ ಪೆಕ್ಟಿನ್ ಅನ್ನೂ ಅಂಟನ್ನ ಬಿಗಿ ಮಾಡ್ತೈತಿ. ನಿಮ್ಮ ತಾಯಿ ಕೆಮಿಸ್ಟ್ರಿ ನಿಮಗಿಂತ ಛಲೋ ಐತಿ.

ಹೊಳೆದಂಡೆ · ಮಂಗಳವಾರ, ರಾತ್ರಿ 8:20

ನಮ್ಮದು ಮಡಿವಾಳರ ಮನೆ. ಅಜ್ಜ ತೊಳೆದದ್ದು ಹೊಳೆಯಲ್ಲಿ, ಅಪ್ಪ ತೊಳೆದದ್ದು ದೋಬಿ ಘಾಟಿನಲ್ಲಿ, ನಾನು ಬ್ಯಾಂಕಿನಲ್ಲಿ ಕೂತಿದ್ದೇನೆ. ಇಷ್ಟು ಹೊತ್ತು ಓದಿ ಬರೆಯಬೇಕೆನ್ನಿಸಿತು.

ಅಜ್ಜ ಹೊಸ ಊರಿಗೆ ಹೋದರೆ ಮೊದಲು ನೋಡುತ್ತಿದ್ದದ್ದು ನೀರು. ಕೈಯಲ್ಲಿ ತೆಗೆದುಕೊಂಡು ಎರಡು ಬೆರಳಿನ ನಡುವೆ ಉಜ್ಜಿ "ಇದು ಮೆತ್ತಗಿದೆ" ಅಥವಾ "ಇದು ಗಡಸು, ಸೋಡಾ ಜಾಸ್ತಿ ತಿನ್ನುತ್ತೆ" ಅನ್ನುತ್ತಿದ್ದ. ಹೊಳೆ ನೀರು ಮೆತ್ತಗೆ. ಬಾವಿ ನೀರು ಬಿಳಿ ಪಂಚೆಗೆ ಆಗುವುದಿಲ್ಲ, ನಾಲ್ಕು ಸಲಕ್ಕೆ ಬೂದಿ ಬಣ್ಣ ಬರುತ್ತದೆ.

ಆದರೆ ಹೊಳೆ ನೀರೇ ಆಗಲಿ, ಬರೀ ನೀರಿನಲ್ಲಿ ಜಾಲಿಸಿ ಕೊಟ್ಟ ಬಟ್ಟೆಯನ್ನು ನಾನು ನೋಡಿಲ್ಲ. ಸೌಳು ಮಣ್ಣು ಕಲಸಿದ ನೀರಿನಲ್ಲಿ ಬಟ್ಟೆ ಅದ್ದಿ, ಹಿಂಡಿ, ದೊಡ್ಡ ಬಾನಿಯ ಮೇಲೆ ಸುತ್ತ ಜೋಡಿಸಿ ಉಬ್ಬೆ ಹಾಕುತ್ತಿದ್ದರು. ಕೆಳಗೆ ಇಡೀ ರಾತ್ರಿ ಬೆಂಕಿ. ಹಬೆ ಬಟ್ಟೆಯ ಮೂಲಕ ಏರಬೇಕು. ಬೆಳಗಿನ ಜಾವ ಬಿಚ್ಚುವಾಗ ಬರುವ ಆ ವಾಸನೆ, ಬೆಂದ ಹತ್ತಿ ಮತ್ತು ಬೆವರು ಮತ್ತು ಸೌಳು, ನನಗೆ ಈಗಲೂ ಮೂಗಿನಲ್ಲಿದೆ. ಆಮೇಲೆ ಕಲ್ಲು. ಸೌಳಿನ ಕ್ಷಾರ, ಬಿಸಿ, ಬಡಿತ ಮೂರೂ ಸೇರಿ ಬಿಳುಪು. ನೀರು ನಾಲ್ಕನೆಯದು. ಈ ನಾಲ್ಕರಲ್ಲಿ ಒಂದನ್ನು ಕಡಿಮೆ ಮಾಡಿದರೆ ಇನ್ನೊಂದನ್ನು ಜಾಸ್ತಿ ಮಾಡಬೇಕು ಅನ್ನುತ್ತಿದ್ದ ಅಪ್ಪ. ಸೋಪು ಬೇಡ ಅನ್ನುವ ಸೇಲ್ಸ್‌ನವನನ್ನು ಕೇಳಿ, ಹಾಗಾದರೆ ಯಾವುದನ್ನು ಜಾಸ್ತಿ ಮಾಡುತ್ತೀಯಪ್ಪಾ ಅಂತ.

ಧಾರವಾಡದ_ಮಾಸ್ತರ · ಮಂಗಳವಾರ, ರಾತ್ರಿ 8:52

ಇದನ್ನ ಓದಿದ ಮ್ಯಾಲ ನನ್ನ ಪೋಸ್ಟ್ ಅಳಸಿಬಿಡಬೇಕು ಅನಸ್ತು.

ಪ್ರಯೋಗಶಾಲೆ_ಇಲಿ · ಬುಧವಾರ, ರಾತ್ರಿ 12:30

ಎಲ್ಲರೂ ಸೇರಿ ಆ ಸೇಲ್ಸ್‌ನವನನ್ನು ಕಲ್ಲಿಗೆ ಬಡಿದು ಹಿಂಡಿದ್ದೀರಿ, ಹಾಗಾಗಿ ಅವನ ಪರವಾಗಿ ನಾಲ್ಕು ಮಾತು. ನಾನು ಕೊಲಾಯ್ಡ್ (ದ್ರವದಲ್ಲಿ ಹರಡಿ ತೇಲುವ ಅತಿ ಸಣ್ಣ ಕಣಗಳ) ರಸಾಯನಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿರುವವಳು. ಮಾಸ್ತರು ಹೇಳಿದ್ದೆಲ್ಲ ಸರಿ, ಒಂದು ಕಡೆ ಮಾತ್ರ ಬಾಗಿಲು ಪೂರ್ತಿ ಹಾಕಿಬಿಟ್ಟರು.

2003ರಲ್ಲಿ ಆಸ್ಟ್ರೇಲಿಯಾದ ನ್ಯಾಷನಲ್ ಯೂನಿವರ್ಸಿಟಿಯಲ್ಲಿದ್ದ ರಿಚರ್ಡ್ ಪ್ಯಾಶ್ಲಿ ಒಂದು ವಿಚಿತ್ರ ಪ್ರಯೋಗ ಪ್ರಕಟಿಸಿದರು. ನೀರನ್ನು ಹೆಪ್ಪುಗಟ್ಟಿಸಿ, ನಿರ್ವಾತದಲ್ಲಿ ಎಳೆದು, ಕರಗಿಸಿ, ಮತ್ತೆ ಹೆಪ್ಪುಗಟ್ಟಿಸಿ, ಅದರಲ್ಲಿ ಕರಗಿದ್ದ ಗಾಳಿಯನ್ನೆಲ್ಲ ತೆಗೆದರು. ಆ ನೀರಿಗೆ ಎಣ್ಣೆ ಹಾಕಿ ಅಲ್ಲಾಡಿಸಿದರೆ ಸೋಪಿಲ್ಲದೆಯೇ ಹಾಲಿನಂತೆ ಬೆಳ್ಳಗಾಯಿತು. ಸಾಮಾನ್ಯ ನೀರಿನಲ್ಲಿ ಎಣ್ಣೆ ಕಣಗಳ ಮೇಲೆ ಕೂತಿರುವ ಗಾಳಿಯ ಪುಟ್ಟ ಗುಳ್ಳೆಗಳೇ ಅವನ್ನು ಒಂದಕ್ಕೊಂದು ಅಂಟಿಸುತ್ತವೆ ಎಂಬುದು ಅವರ ವಾದ.

ಇನ್ನೊಂದು ಹತ್ತಿರದ್ದು. ಸ್ವೀಡನ್ನಿನ ಮಾಲ್ಮೋ ವಿಶ್ವವಿದ್ಯಾಲಯದವರು 2022ರಲ್ಲಿ ಪ್ರಕಟಿಸಿದ್ದು. ಗಟ್ಟಿ ಮೇಲ್ಮೈ ಮೇಲೆ ವ್ಯಾಸಲಿನ್, ಆಲಿವ್ ಎಣ್ಣೆಯ ತೆಳು ಪದರ ಬಳಿದು, ಬೇರೆ ಬೇರೆ ಶುದ್ಧತೆಯ ನೀರಿನಲ್ಲಿ ತೊಳೆದು ನೋಡಿದರು. ನಲ್ಲಿ ನೀರಿಗಿಂತ ಶುದ್ಧ ನೀರು ಹೆಚ್ಚು ಜಿಡ್ಡು ತೆಗೆಯಿತು, ಸೋಪಿಲ್ಲದೆ.

ಕಾರಣ ಹಸಿವಲ್ಲ, ಜಗಳ. ನೀರಿನಲ್ಲಿ ಎಣ್ಣೆಯ ಮೇಲ್ಮೈಗೂ ಗಾಜಿನ ಮೇಲ್ಮೈಗೂ ಋಣ ವಿದ್ಯುದಂಶ ಇರುತ್ತದೆ, ಎರಡೂ ಒಂದನ್ನೊಂದು ದೂಡುತ್ತವೆ. ನೀರಿನಲ್ಲಿ ಲವಣ ಇದ್ದರೆ ಅದು ನಡುವೆ ಪರದೆಯಂತೆ ನಿಂತು ಆ ದೂಡುವಿಕೆಯನ್ನು ಕೆಲವೇ ನ್ಯಾನೋಮೀಟರಿಗೆ ಮೊಟಕು ಮಾಡುತ್ತದೆ. ಲೆಕ್ಕದ ಪ್ರಕಾರ ಅಪ್ಪಟ ನೀರಿನಲ್ಲಿ ಅದೇ ಬಲ ಸುಮಾರು ಒಂದು ಮೈಕ್ರಾನಿನವರೆಗೂ, ಅಂದರೆ ಸಾವಿರ ನ್ಯಾನೋಮೀಟರಿನವರೆಗೂ ಚಾಚಿಕೊಳ್ಳಬಲ್ಲದು. ಅಂದರೆ ಶುದ್ಧ ನೀರು ಏನನ್ನೂ ಎಳೆಯುವುದಿಲ್ಲ. ಜಿಡ್ಡು ಮತ್ತು ಗಾಜಿನ ನಡುವಿನ ಹಳೇ ಜಗಳಕ್ಕೆ ಅಡ್ಡ ಬರುವುದಿಲ್ಲ, ಅಷ್ಟೆ.

ಗುಂಡಣ್ಣ · ಬುಧವಾರ, ಬೆಳಗ್ಗೆ 7:15

ಹಾಗಾದ್ರೆ ಬಟ್ಟೆಗೂ ಆಗಬೇಕಲ್ವಾ ಮೇಡಂ? ನನ್ನ ಶರ್ಟಿನ ಕಾಲರಿಗೂ ನನಗೂ ಹಳೇ ಜಗಳ ಇದೆ.

ಪ್ರಯೋಗಶಾಲೆ_ಇಲಿ · ಬುಧವಾರ, ಬೆಳಗ್ಗೆ 8:05

ಅಲ್ಲೇ ತೊಂದರೆ ಇರುವುದು. ನಿಮ್ಮ ಕಾಲರಿನಲ್ಲಿ ಜಿಡ್ಡಿನ ಜೊತೆ ಬೆವರಿದೆ, ಬೆವರಿನಲ್ಲಿ ಉಪ್ಪಿದೆ. ಶರ್ಟನ್ನು ಬಕೆಟ್ಟಿಗೆ ಅದ್ದಿದ ಕ್ಷಣಕ್ಕೆ ನಿಮ್ಮ ಶುದ್ಧ ನೀರು ಶುದ್ಧ ನೀರಾಗಿ ಉಳಿಯುವುದಿಲ್ಲ. ಅಪ್ಪಟ ನೀರನ್ನು ಮುಚ್ಚಳ ತೆಗೆದಿಟ್ಟರೂ ಸಾಕು, ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿ ಪಿಎಚ್ 5.6ರ ಹತ್ತಿರಕ್ಕೆ ಇಳಿಯುತ್ತದೆ, ಅಂದರೆ ನೀರು ತುಸು ಆಮ್ಲೀಯವಾಗುತ್ತದೆ. ಜೊತೆಗೆ ಆ ಪ್ರಯೋಗದಲ್ಲಿದ್ದದ್ದು ನುಣ್ಣನೆಯ ಮೇಲ್ಮೈ, ತೆಳು ಪದರ. ಹತ್ತಿಯ ಎಳೆಯ ಒಳಗೆ ನುಗ್ಗಿ ಕೂತ ಸಾಂಬಾರಿನ ಅರಿಶಿನದ ವಿಷಯ ಬೇರೆ. ಕಿತ್ತ ಜಿಡ್ಡು ಮತ್ತೆ ಬಟ್ಟೆಗೇ ಅಂಟದಂತೆ ನೀರಿನಲ್ಲಿ ಎತ್ತಿ ಹಿಡಿಯುವ ಕೆಲಸವೂ ಡಿಟರ್ಜೆಂಟಿನದೇ.

ಇನ್ನೂ ಒಂದು. ಜಗತ್ತಿನಲ್ಲಿ ಅತಿ ಶುದ್ಧ ನೀರು ಬಳಸುವವರು ಚಿಪ್ ತಯಾರಿಸುವವರು. ಅವರ ನೀರಿನ ವಿದ್ಯುತ್ ರೋಧ 18.2 ಮೆಗಾಓಮ್ ಸೆಂಟಿಮೀಟರ್, ಅದಕ್ಕಿಂತ ಶುದ್ಧ ಸಾಧ್ಯವಿಲ್ಲ ಅನ್ನುವಷ್ಟು. ಅವರೂ ಸಿಲಿಕಾನ್ ಬಿಲ್ಲೆಯನ್ನು ಬರೀ ನೀರಿನಲ್ಲಿ ತೊಳೆದು ಮುಗಿಸುವುದಿಲ್ಲ. ಅಮೆರಿಕದ ಆರ್‌ಸಿಎ ಕಂಪನಿಯ ವರ್ನರ್ ಕರ್ನ್ 1965ರಲ್ಲಿ ರೂಪಿಸಿದ ತೊಳೆಯುವ ಕ್ರಮ ಇವತ್ತಿಗೂ ಬುನಾದಿ. ಅಮೋನಿಯಾ, ಹೈಡ್ರೋಜನ್ ಪೆರಾಕ್ಸೈಡ್, ಆಮ್ಲ, ನಡುನಡುವೆ ಶುದ್ಧ ನೀರಿನ ಜಾಲಿಸುವಿಕೆ. ತೊಳೆಯುವುದಕ್ಕೆ ರಾಸಾಯನಿಕ, ಜಾಲಿಸುವುದಕ್ಕೆ ಶುದ್ಧ ನೀರು. ಹೊಳೆದಂಡೆಯವರ ಅಪ್ಪ ಹೇಳಿದ್ದೂ ಹೆಚ್ಚುಕಡಿಮೆ ಇದೇ.

ಮೈಸೂರು_ಫಿಲ್ಟರ್ · ಬುಧವಾರ, ಸಂಜೆ 6:40

ಮಾತು ಸಾಕು ಅಂತ ಇವತ್ತು ರಜೆ ಹಾಕಿ ಅಡುಗೆಮನೆಯಲ್ಲಿ ಕೂತೆ. (ರಜೆ ಇದಕ್ಕೇ ಹಾಕಿದ್ದಲ್ಲ, ಗ್ಯಾಸ್‌ನವನು ಬರಬೇಕಿತ್ತು.)

ಎಸಿಯ ಪೈಪಿನಿಂದ ತೊಟ್ಟಿಕ್ಕುವ ನೀರನ್ನು ರಾತ್ರಿಯಿಡೀ ಬಕೆಟ್ಟಿನಲ್ಲಿ ಹಿಡಿದೆ. ಅದು ಗಾಳಿಯ ತೇವ ತಣಿದು ಬಂದದ್ದು, ಬಟ್ಟಿ ಇಳಿಸಿದ ನೀರಿನ ತಮ್ಮ ಇದ್ದಂತೆ. ನನ್ನ ಮುನ್ನೂರು ರೂಪಾಯಿಯ ಮೀಟರಿನಲ್ಲಿ 14 ತೋರಿಸಿತು. ನಮ್ಮ ಬೋರ್ ನೀರು 760. ನಾಲ್ಕು ಸ್ಟೀಲ್ ಮುಚ್ಚಳ, ಪ್ರತಿಯೊಂದಕ್ಕೂ ಅರ್ಧ ಚಮಚ ಕೊಬ್ಬರಿ ಎಣ್ಣೆ ಸವರಿದೆ. ಒಂದೇ ನೈಲಾನ್ ಬ್ರಷ್ಷು, ಇಪ್ಪತ್ತು ಸಲ ಉಜ್ಜು, ಒಂದು ಲೋಟ ನೀರು.

ತಣ್ಣನೆಯ ಬೋರ್ ನೀರು: ಎಣ್ಣೆ ಮುಚ್ಚಳದ ಈ ಕಡೆಯಿಂದ ಆ ಕಡೆಗೆ ಹೋಯಿತು, ಅಷ್ಟೇ. ತಣ್ಣನೆಯ ಎಸಿ ನೀರು: ಸ್ವಲ್ಪ ವಾಸಿ. ನೀರು ಚೆಲ್ಲಿದಾಗ ಹಾಳೆಯಂತೆ ಜಾರಿದ ಜಾಗಗಳು ಕಂಡವು, ಆದರೆ ಬೆರಳು ಎಳೆದರೆ ಗೆರೆ ಮೂಡುತ್ತೆ, ಜಿಡ್ಡು ಇದೆ. ಬಿಸಿ ಬಿಸಿ ಬೋರ್ ನೀರು: ಇದು ಎಸಿ ನೀರನ್ನು ಸೋಲಿಸಿತು! ಮುಕ್ಕಾಲುವಾಸಿ ಎಣ್ಣೆ ಹೋಯಿತು. ಬೋರ್ ನೀರು ಮತ್ತು ಒಂದೇ ಒಂದು ಹನಿ ಪಾತ್ರೆ ಲಿಕ್ವಿಡ್: ಕೀಚ್ ಕೀಚ್ ಸದ್ದು. ಮುಗೀತು.

ಆಮೇಲೆ ತಮಾಷೆ ನೋಡಿ. ನಾಲ್ಕನ್ನೂ ಕಿಟಕಿ ಹತ್ತಿರ ಓರೆಯಾಗಿ ನಿಲ್ಲಿಸಿದೆ. ಒಣಗಿದ ಮೇಲೆ ಲಿಕ್ವಿಡ್ಡಿನಲ್ಲಿ ತೊಳೆದ, ಜಿಡ್ಡೇ ಇಲ್ಲದ ಮುಚ್ಚಳದ ಮೇಲೆ ಬಿಳಿ ಚುಕ್ಕೆ. ಅದನ್ನೇ ಎಸಿ ನೀರಿನಲ್ಲಿ ಜಾಲಿಸಿ ಮತ್ತೆ ಒಣಗಿಸಿದೆ, ಅಂಗಡಿಯಿಂದ ತಂದ ಹಾಗಿತ್ತು. ಹೆಂಡತಿ ಬಂದು ನೋಡಿ "ದಿನಾ ಹೀಗೇ ತೊಳೀರಿ" ಅಂದಳು. ವಿಜ್ಞಾನದ ಅಪಾಯಗಳು.

ಬಿಸಿಲು_ಪಾವಗಡ · ಬುಧವಾರ, ರಾತ್ರಿ 9:10

ಸಾ, ನಮ್ ಕಡೆ ಒಂದು ಉದಾಹರಣೆ ಐತೆ. ಪಾವಗಡದ ಸೋಲಾರ್ ಪಾರ್ಕಲ್ಲಿ ಪ್ಯಾನಲ್ ತೊಳೆಯೋ ಗುತ್ತಿಗೆಯಲ್ಲಿ ಎರಡು ವರ್ಷ ಇದ್ದೆ. 2,050 ಮೆಗಾವ್ಯಾಟು, ಕಣ್ಣು ಹಾಯಿಸಿದಷ್ಟು ದೂರ ಗಾಜೇ ಗಾಜು. ಅಲ್ಲಿ ಸೋಪು ಮುಟ್ಟಂಗಿಲ್ಲ. ಸೋಪಿನ ಪೊರೆ ಉಳಿದ್ರೆ ಅದಕ್ಕೇ ಧೂಳು ಮೆತ್ಕೊಳ್ತದೆ. ಹಂಗಂತ ನಮ್ಮ ಬೋರ್ ನೀರು ಹಾಕಿದ್ರೋ, ಸುಣ್ಣ ಬಳಿದಂಗೆ. ನಮ್ಮ ತಾಲ್ಲೂಕಿನ ನೀರು ಗೊತ್ತಲ್ಲ, ಫ್ಲೋರೈಡು. ಕುಡಿಯಕ್ಕೇ ಶುದ್ಧ ನೀರಿನ ಘಟಕದ ಮುಂದೆ ಕ್ಯಾನ್ ಹಿಡ್ಕೊಂಡು ನಿಲ್ಲೋ ಜನ ನಾವು.

ಆದ್ರಿಂದ ಲವಣ ತೆಗೆದ ನೀರು, ಮೆತ್ತನೆ ಬ್ರಷ್ಷು. ಅದೂ ಬೆಳಗಿನ ಜಾವ ಇಲ್ಲ ಹೊತ್ತು ಮುಳುಗಿದ ಮ್ಯಾಲೆ, ಕಾದ ಗಾಜಿಗೆ ತಣ್ಣೀರು ಬಿದ್ರೆ ಬಿರುಕು ಬಿಡ್ತದೆ. ಧೂಳಿಗೆ ಅಷ್ಟೇ ಸಾಕು. ಕಾಗೆ ಹಿಕ್ಕೆ ಮಾತ್ರ ನೆನೆಸಿಟ್ಟು ಉಜ್ಜಬೇಕು. ಈಗ ನೀರೇ ಬ್ಯಾಡ ಅಂತ ಒಣ ಬ್ರಷ್ಷಿನ ರೋಬೋ ಬಂದವೆ, ನಮ್ ಕೆಲಸಾನೂ ಹೋಯ್ತು. ನಾನು ಹೇಳೋದು ಏನಂದ್ರೆ, ಆರ್‌ಓ ಬಿಡೋ ವೇಸ್ಟ್ ನೀರು ಎಲ್ಲಿಗೆ ಹೋಗ್ತದೆ ಅಂತ ಆ ಸೇಲ್ಸ್‌ನವನ್ನ ಕೇಳಿ ಅಕ್ಕ.

ಕೆರೆ_ಏರಿ · ಗುರುವಾರ, ಬೆಳಗ್ಗೆ 10:00

ನಾನು ಬೆಳ್ಳಂದೂರಿನವನು. 2015ರಲ್ಲಿ ಕೆರೆಯ ನೊರೆ ಹಾರಿ ರಸ್ತೆಗೆ ಬಂದದ್ದು, 2017ರ ಫೆಬ್ರುವರಿಯಲ್ಲಿ ಕೆರೆಗೇ ಬೆಂಕಿ ಹತ್ತಿದ್ದು ಎರಡನ್ನೂ ಬಾಲ್ಕನಿಯಿಂದ ನೋಡಿದ್ದೇನೆ. ಆ ನೊರೆಯಲ್ಲಿ ನಮ್ಮೆಲ್ಲರ ವಾಷಿಂಗ್ ಮೆಷಿನ್ನಿನ ಪಾಲಿದೆ. ಆದ್ದರಿಂದ ಸೋಪು ಬೇಡ ಅನ್ನುವ ಯಾವ ಯಂತ್ರ ಬಂದರೂ ನನ್ನ ವೋಟು ಅದಕ್ಕೆ.

ಕರಾವಳಿ_ಹುಡುಗ · ಗುರುವಾರ, ಮಧ್ಯಾಹ್ನ 12:20

ಅಣ್ಣ, ನಿಮ್ಮ ಸಿಟ್ಟು ಅರ್ಥ ಆಗ್ತದೆ. ಆದರೆ ಒಂದು ಲೀಟರ್ ಶುದ್ಧ ನೀರಿಗೆ ಮನೆಯ ಆರ್‌ಓ ಎರಡು ಮೂರು ಲೀಟರ್ ಚರಂಡಿಗೆ ಬಿಡ್ತದೆ. 2024ರ ಬೇಸಿಗೆಯಲ್ಲಿ ನಿಮ್ಮಲ್ಲೇ ಜಲಮಂಡಳಿ ಕುಡಿಯುವ ನೀರಲ್ಲಿ ಕಾರು ತೊಳೆದ್ರೆ 5,000 ರೂಪಾಯಿ ದಂಡ ಹಾಕಿತ್ತಲ್ವಾ? ನೊರೆ ತಪ್ಪಿಸ್ಲಿಕ್ಕೆ ಹೋಗಿ ಟ್ಯಾಂಕರ್ ಜಾಸ್ತಿ ತರಿಸಿದ್ರೆ ಎಂತ ಬಂತು?

ಹೊಳೆದಂಡೆ · ಗುರುವಾರ, ಮಧ್ಯಾಹ್ನ 12:48

ಪುಡಿ ಕಡಿಮೆ ಮಾಡಬೇಕಿದ್ದರೆ ನೀರನ್ನು ಮೆತ್ತಗೆ ಮಾಡಿದರೆ ಸಾಕು, ಸೊನ್ನೆಗೆ ಇಳಿಸಬೇಕಿಲ್ಲ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಉಪ್ಪು ಹಾಕುವ ಸಾಫ್ಟ್‌ನರ್ ಇದೆ. ಅದು ಕ್ಯಾಲ್ಸಿಯಂ ಹಿಡಿದು ಸೋಡಿಯಂ ಬಿಡುತ್ತದೆ. ಟಿಡಿಎಸ್ ಹಾಗೇ ಇರುತ್ತದೆ, ಆದರೆ ಪುಡಿ ಅರ್ಧಕ್ಕೆ ಇಳಿಸಿದ್ದೇವೆ, ಬಟ್ಟೆ ಮೊದಲಿಗಿಂತ ಮೆತ್ತಗಿದೆ. ಗಾಜಿನ ಮೇಲೆ ಚುಕ್ಕೆ ಇನ್ನೂ ಬೀಳುತ್ತದೆ, ಆದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಇದರಲ್ಲೂ ತೊಂದರೆ ಇಲ್ಲದಿಲ್ಲ. ಸಾಫ್ಟ್‌ನರನ್ನು ಉಪ್ಪಿನಲ್ಲಿ ತೊಳೆದ ನೀರು ಗಿಡಕ್ಕೆ ಹಾಕುವಂತಿಲ್ಲ.

ಅಂಟವಾಳ · ಗುರುವಾರ, ರಾತ್ರಿ 9:30

ನನಗೊಂದು ಹುಚ್ಚು ಯೋಚನೆ. ಬೆಂಗಳೂರಿನಲ್ಲಿ 2009ರಿಂದ ಮಳೆ ನೀರು ಕೊಯ್ಲು ಕಡ್ಡಾಯ ಅಲ್ಲವಾ? ನಿಮ್ಮ 96 ಮನೆಯ ತಾರಸಿ ನೀರು ಎಲ್ಲಿ ಹೋಗುತ್ತೆ? ಶುದ್ಧ ನೀರು ಮೇಲಿಂದ ಬಿಟ್ಟಿ ಬೀಳುವಾಗ 3 ಲಕ್ಷ 40 ಸಾವಿರ ಯಾಕೆ?

ನಾಲ್ಕನೇ_ಮಹಡಿ · ಭಾನುವಾರ, ರಾತ್ರಿ 8:45

ಇವತ್ತಿನ ವರದಿ. ಊಟ ಮಾಡಿ ನಿಧಾನವಾಗಿ ಬರೆಯುತ್ತಿದ್ದೇನೆ.

ಮೊದಲು ಲೋಟದ ಆಟ. ನಾನು ಚಿಟಿಕೆ ಉಪ್ಪು ಕಾಗದದಲ್ಲಿ ಕಟ್ಟಿಕೊಂಡು ಹೋಗಿದ್ದೆ. ಅವನ ನೀರಿಗೆ ಹಾಕಿ "ಈಗ ಇಡಿ" ಅಂದೆ. ಅವನು ಚಾರ್ಜ್ ಇಲ್ಲ, ವೈರ್ ಸಡಿಲ ಅಂತ ಏನೇನೋ ಹೇಳಿದ. ಎರಡನೇ ಮಹಡಿಯ ಅಂಕಲ್ ಬಿಡಲಿಲ್ಲ, ತಾವೇ ಕಡ್ಡಿ ಇಳಿಸಿದರು. ಮಾಸ್ತರೇ, ಇಟ್ಟಿಗೆ ಬಣ್ಣ! ಸಭೆಯಲ್ಲಿ ಚಪ್ಪಾಳೆ ಬಿತ್ತು, ನನಗೆ ಅವನನ್ನು ನೋಡಿ ಪಾಪ ಅನ್ನಿಸಿತು. ಇಪ್ಪತ್ತೆರಡು ಇಪ್ಪತ್ಮೂರು ವರ್ಷದ ಹುಡುಗ, ಅವನಿಗೂ ಗೊತ್ತಿರಲಿಲ್ಲ ಅಂತ ಕಾಣುತ್ತೆ. ಕಡ್ಡಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ.

ಆಮೇಲೆ ಗಾಜಿನ ಕೆಳಗಿನ ಅರ್ಧ ತೊಳೆಯಲು ಹೇಳಿದೆವು. ಪ್ರಾಮಾಣಿಕವಾಗಿ ಹೇಳುತ್ತೇನೆ, ನಾನು ಅಂದುಕೊಂಡಷ್ಟು ಕೆಟ್ಟದಾಗಿರಲಿಲ್ಲ. ಕೈಗುರುತು ಬಹುಪಾಲು ಹೋಯಿತು. ಆದರೆ ಹಿಡಿಕೆಯ ಪಕ್ಕ, ದಿನಾ ಸಂಜೆ ತಲೆಗೆ ಎಣ್ಣೆ ಹಚ್ಚಿಕೊಂಡು ಆಡಲು ಬರುವ ಅವಳಿ ಹುಡುಗಿಯರು ಹಣೆ ಒತ್ತಿ ಹೊರಗೆ ನೋಡುವ ಜಾಗ ಇದೆಯಲ್ಲ, ಅಲ್ಲಿ ಎರಡು ದುಂಡನೆಯ ಮಬ್ಬು ಹಾಗೇ ಉಳಿಯಿತು. ಓರೆಯಿಂದ ನೋಡಿದರೆ ಕಾಮನಬಿಲ್ಲು. ಹೌಸ್‌ಕೀಪಿಂಗ್ ಅಕ್ಕ ಅಷ್ಟು ಹೊತ್ತು ಕಂಬಕ್ಕೆ ಒರಗಿ ನೋಡುತ್ತಿದ್ದವರು ಸುಮ್ಮನೆ ಬಂದು, ಬೆರಳ ತುದಿಗೆ ಒಂದು ಹನಿ ಲಿಕ್ವಿಡ್ ಹಚ್ಚಿ ಆ ಎರಡು ದುಂಡನ್ನು ಉಜ್ಜಿ, "ಈಗ ನಿಮ್ ನೀರು ಬಿಡಪ್ಪ" ಅಂದರು. ಒಣಗಿದ ಮೇಲೆ ಗಾಜು ಇದೆಯೋ ಇಲ್ಲವೋ ಗೊತ್ತಾಗದ ಹಾಗಿತ್ತು.

ಯಂತ್ರ ಬೇಡ ಅಂತ ತೀರ್ಮಾನ ಆಯಿತು, 41ಕ್ಕೆ 17. ಕೆರೆ_ಏರಿ ಅವರೇ, ನಿಮ್ಮಂಥವರು ಆ 17ರಲ್ಲಿ ಬಹಳ ಜನ ಇದ್ದರು, ಅವರ ಮಾತಿಗೆ ಸಾಫ್ಟ್‌ನರ್ ಕೊಟೇಶನ್ ತರಿಸುತ್ತಿದ್ದೇವೆ. ಮತ್ತೆ ಅಂಟವಾಳ ಅಕ್ಕ, ನಿಮ್ಮ ಹುಚ್ಚು ಯೋಚನೆ ಹುಚ್ಚಲ್ಲ. ಬೇಸ್‌ಮೆಂಟಿನಲ್ಲಿ 40 ಸಾವಿರ ಲೀಟರಿನ ಮಳೆ ನೀರಿನ ಸಂಪು ಇದೆ, ಅದರ ಮೇಲೆ ಹಳೇ ಸೋಫಾ ಪೇರಿಸಿಟ್ಟಿದ್ದರು! ಸರಿಸಿ ಒಂದು ಚೊಂಬು ಎತ್ತಿ ಮೀಟರ್ ಇಟ್ಟೆವು. 46.

ಕರಾವಳಿಯವರೇ, 46ಕ್ಕೆ ಗಾಜಿನ ಮೇಲೆ ಚುಕ್ಕೆ ಬೀಳುತ್ತಾ?

ಕರಾವಳಿ_ಹುಡುಗ · ಭಾನುವಾರ, ರಾತ್ರಿ 10:58

ಬಿಸಿಲಲ್ಲಿ ಬೀಳ್ತದೆ, ನೆರಳಲ್ಲಿ ಅಷ್ಟಾಗಿ ಕಾಣುವುದಿಲ್ಲ. ಪೂರ್ವದ ಗಾಜು ಸಂಜೆ ತೊಳೆಯಿರಿ, ಪಶ್ಚಿಮದ್ದು ಬೆಳಗ್ಗೆ. ತೀರಾ ಚಂದ ಬೇಕಿದ್ರೆ ಸಣ್ಣ ರೆಸಿನ್ ಸಿಲಿಂಡರ್ ಒಂದು ಸಿಕ್ಕಿಸಿ. 46ರಿಂದ ಸೊನ್ನೆಗೆ ಇಳಿಸ್ಲಿಕ್ಕೆ ರೆಸಿನ್ ತುಂಬಾ ದಿನ ಬರ್ತದೆ, ನಿಮ್ಮ ಬೋರಿನ 910 ಹಾಕಿದ್ರೆ ಬೇಗ ಸತ್ತು ಹೋಗ್ತದೆ. ಕಬ್ಬಿಣದ ಪೈಪಿನಲ್ಲಿ ಮಾತ್ರ ಹಾಯಿಸ್ಬೇಡಿ, ಈ ನೀರು ಪೈಪನ್ನು ತಿನ್ನುತ್ತದೆ.

ಗುಂಡಣ್ಣ · ಭಾನುವಾರ, ರಾತ್ರಿ 11:03

ನೋಡಿದ್ರಾ, ಹಸಿವು ಇದ್ದೇ ಇದೆ ಅದಕ್ಕೆ. ಕುಕ್ಕರ್ ಇನ್ನೂ ಹಾಗೇ ಇದೆ, ಇವತ್ತು ವಾರ ಆಯ್ತು.